ಒಂದೇ ಫೈಬರ್ ಸಂಪರ್ಕ, ಎರಡು ಮನೆ: ಜಾಲವನ್ನು ಬೇರ್ಪಡಿಸುವುದು ಹೇಗೆ?

ಪ್ರಶ್ನೆ: ಮೈಸೂರಿನ ಕುವೆಂಪುನಗರದಲ್ಲಿ ನಮ್ಮದು ಮಹಡಿ ಮನೆ. ಮೇಲಿನ ಮನೆಯಲ್ಲಿ ಬಾಡಿಗೆಗಿರುವ ವಿದ್ಯಾರ್ಥಿಗಳಿಗೂ ನಮ್ಮ ವೈಫೈ ಪಾಸ್‌ವರ್ಡ್ ಕೊಟ್ಟಿದ್ದೇವೆ. ಗೇಟಿನ ಕ್ಯಾಮೆರಾಗಳ ದೃಶ್ಯ ದಾಖಲಿಸುವ ಡಿವಿಆರ್ ಪೆಟ್ಟಿಗೆ, ಟಿವಿ, ನನ್ನ ಕಚೇರಿ ಕೆಲಸದ ಲ್ಯಾಪ್‌ಟಾಪ್ ಎಲ್ಲವೂ ಅದೇ ರೂಟರ್‌ನಲ್ಲಿವೆ. ಇವನ್ನೆಲ್ಲ ಬೇರೆ ಬೇರೆ ಮಾಡಬೇಕೆಂದು ಮಗಳು ಹೇಳುತ್ತಾಳೆ. ಅದಕ್ಕೆ ವಿ-ಲ್ಯಾನ್, ಮ್ಯಾನೇಜ್ಡ್ ಸ್ವಿಚ್ ಎಂದೆಲ್ಲ ಖರ್ಚು ಮಾಡಲೇಬೇಕೆ?

ಉತ್ತರ: ಮಗಳ ಮಾತು ಸರಿಯಾಗಿದೆ, ಆದರೆ ಒಂದೇ ಕೇಬಲ್‌ನಲ್ಲಿ ಹಲವು ಜಾಲಗಳನ್ನು ಬೇರೆಯಾಗಿಡುವ ವಿ-ಲ್ಯಾನ್, ಅವನ್ನು ವಿಂಗಡಿಸುವ ಮ್ಯಾನೇಜ್ಡ್ ಸ್ವಿಚ್‌ಗಳ ಖರ್ಚು ಈಗ ಬೇಕಾಗಿಲ್ಲ. ಫೈಬರ್ ಕಂಪನಿಯವರು ಕೊಟ್ಟಿರುವ ರೂಟರ್ ಜೊತೆಗೆ, ವ್ಯಾನ್ ಪೋರ್ಟ್ (ಇಂಟರ್‌ನೆಟ್ ಕಡೆಯ ಕೇಬಲ್ ಸೇರುವ ಕಿಂಡಿ) ಇರುವ ಸಾಧಾರಣ ರೂಟರ್ ಇನ್ನೊಂದಿದ್ದರೆ ನಿಮ್ಮ ಮನೆಗೆ ಬೇಕಾದ ಮೂರು ವಿಭಾಗಗಳನ್ನೂ ಮಾಡಿಕೊಳ್ಳಬಹುದು.

ರೂಟರ್‌ನಲ್ಲಿರುವ ಫೈರ್‌ವಾಲ್ ಹೊರಗಿನ ಇಂಟರ್‌ನೆಟ್ಟಿನಿಂದ ಬರುವುದನ್ನು ತಡೆಯುತ್ತದೆಯೇ ಹೊರತು, ಒಂದೇ ಜಾಲದೊಳಗಿನ ಎರಡು ಉಪಕರಣಗಳ ನಡುವೆ ನಡೆಯುವ ಮಾತುಕತೆಗೆ ಸಾಮಾನ್ಯವಾಗಿ ಅಡ್ಡ ಬರುವುದಿಲ್ಲ. ಹೀಗಾಗಿ ಜಾಲದಲ್ಲಿ ಅತಿ ದುರ್ಬಲವಾದ ಉಪಕರಣ ಯಾವುದೋ ಅದರ ಕೈಗೆ ನಿಮ್ಮ ಲ್ಯಾಪ್‌ಟಾಪ್ ಕೂಡ ಎಟುಕುತ್ತದೆ. 2016ರಲ್ಲಿ ಹರಡಿದ ಮಿರಾಯ್ ಎಂಬ ಕುತಂತ್ರಾಂಶವು ಕ್ಯಾಮೆರಾ, ಡಿವಿಆರ್ ಮತ್ತು ರೂಟರ್‌ಗಳಲ್ಲಿ ತಯಾರಕರು ಇಟ್ಟ ಪಾಸ್‌ವರ್ಡ್‌ಗಳನ್ನೇ ಒಂದೊಂದಾಗಿ ಪ್ರಯತ್ನಿಸಿ ಒಳನುಗ್ಗುತ್ತಿತ್ತು. ಹಾಗೆ ವಶಪಡಿಸಿಕೊಂಡ ಉಪಕರಣಗಳಿಂದ ಅದೇ ವರ್ಷದ ಅಕ್ಟೋಬರ್ 21ರಂದು ತಾಣಗಳ ಹೆಸರಿನಿಂದ ಅವುಗಳ ಅಂಕಿ ವಿಳಾಸವನ್ನು ಹುಡುಕಿಕೊಡುವ ಡೈನ್ ಎಂಬ ಕಂಪನಿಯ ಮೇಲೆ ದಾಳಿ ನಡೆದು, ಟ್ವಿಟರ್, ನೆಟ್‌ಫ್ಲಿಕ್ಸ್‌ನಂತಹ ತಾಣಗಳೇ ಗಂಟೆಗಟ್ಟಲೆ ಅನೇಕರಿಗೆ ಸಿಗದಂತಾಗಿದ್ದವು. ಆದ್ದರಿಂದ ನಿಮ್ಮ ಚಿಂತೆ ಮೇಲಿನ ಮನೆಯ ಹುಡುಗರ ಮೇಲಿನ ಅಪನಂಬಿಕೆಯಾಗಬೇಕಿಲ್ಲ. ಅವರ ಫೋನುಗಳಲ್ಲಿ ಏನಿದೆ ಎಂಬುದು ಅವರಿಗೂ ಪೂರ್ತಿ ತಿಳಿದಿರುವುದಿಲ್ಲ.

ಯಾವ ಸೆಟ್ಟಿಂಗನ್ನೂ ಮುಟ್ಟುವ ಮೊದಲು ಕಾಗದದ ಮೇಲೆ ಉಪಕರಣಗಳ ಹೆಸರು ಬರೆದು, ಯಾವುದು ಯಾವುದರ ಜೊತೆ ಮಾತನಾಡಲೇಬೇಕು ಎಂದು ಗೆರೆ ಎಳೆಯಿರಿ. ಲ್ಯಾಪ್‌ಟಾಪ್‌ನಿಂದ ಪ್ರಿಂಟರ್‌ಗೆ ಒಂದು ಗೆರೆ ಬೇಕು, ನಿಮ್ಮ ಫೋನಿನಿಂದ ಡಿವಿಆರ್‌ಗೆ ಒಂದು ಬೇಕು. ಡಿವಿಆರ್‌ನಿಂದ ಲ್ಯಾಪ್‌ಟಾಪ್‌ಗೆ ಬೇಡ. ಮೇಲಿನ ಮನೆಯಿಂದ ಇಂಟರ್‌ನೆಟ್ ಹೊರತು ಬೇರೆ ಯಾವುದಕ್ಕೂ ಬೇಡ. ಇಡೀ ಕೆಲಸದ ತಿರುಳು ಇಷ್ಟೇ ಎಂಬುದು ನನ್ನ ಅಭಿಪ್ರಾಯ; ಇದನ್ನು ಬಿಟ್ಟು ಉಪಕರಣ ಕೊಳ್ಳಲು ಹೊರಟವರೇ ಹೆಚ್ಚು ತೊಡಕಿಗೆ ಸಿಲುಕುತ್ತಾರೆ.

ಮೊದಲು ಕಂಪನಿಯ ರೂಟರ್‌ನಲ್ಲಿ ಗೆಸ್ಟ್ ನೆಟ್‌ವರ್ಕ್, ಅಂದರೆ ಅತಿಥಿಗಳಿಗೆಂದೇ ಇರುವ ಪ್ರತ್ಯೇಕ ವೈಫೈ, ತೆರೆದು, ಮೇಲಿನ ಮನೆಗೆ ಅದರ ಹೆಸರು ಮತ್ತು ಪಾಸ್‌ವರ್ಡ್ ಕೊಡಿ. ಸ್ಥಳೀಯ ಜಾಲವನ್ನು ಅತಿಥಿಗಳು ತಲುಪಲು ಬಿಡುವ ಆಯ್ಕೆಯೊಂದು ಆ ಪುಟದಲ್ಲಿ ಇರುವುದುಂಟು. ಅದು ಆಫ್ ಆಗಿರಬೇಕು. ಹಳೆಯ ವೈಫೈ ಪಾಸ್‌ವರ್ಡ್ ಅವರ ಫೋನುಗಳಲ್ಲಿ ಉಳಿದಿರುವುದರಿಂದ ಅದನ್ನೂ ಅಂದೇ ಬದಲಿಸಿ. ರೂಟರ್‌ನ ಅಡ್ಮಿನ್ ಪಾಸ್‌ವರ್ಡ್ ಇನ್ನೂ ತಳದ ಚೀಟಿಯಲ್ಲಿರುವುದೇ ಆಗಿದ್ದರೆ ಅದಕ್ಕೂ ಇದೇ ಮಾತು. ಡಿವಿಆರ್‌ನ ಪಾಸ್‌ವರ್ಡ್ ಬದಲಿಸುವುದನ್ನಂತೂ ಮರೆಯಬೇಡಿ.

ಆದರೆ ಗೆಸ್ಟ್ ನೆಟ್‌ವರ್ಕ್ ಎಂಬುದು ವೈಫೈಗೆ ಮಾತ್ರ ಸಂಬಂಧಿಸಿದ್ದು. ಡಿವಿಆರ್ ಸಾಮಾನ್ಯವಾಗಿ ಕೇಬಲ್ ಮೂಲಕ ರೂಟರ್‌ನ ಲ್ಯಾನ್ ಪೋರ್ಟಿಗೆ (ಮನೆಯೊಳಗಿನ ಉಪಕರಣಗಳ ಕಿಂಡಿಗೆ) ಸೇರಿರುವುದರಿಂದ ಅದು ಇನ್ನೂ ನಿಮ್ಮ ಲ್ಯಾಪ್‌ಟಾಪ್‌ನ ಪಕ್ಕದಲ್ಲೇ ಇರುತ್ತದೆ. ಎರಡನೆಯ ರೂಟರ್ ಬೇಕಾಗುವುದು ಇಲ್ಲಿ, ಮತ್ತು ಹೊಸಬರು ಎಡವುವುದೂ ಇಲ್ಲೇ. ಅನೇಕರು ಹಳೆಯ ರೂಟರನ್ನು ಬಾಡಿಗೆದಾರರಿಗೆ ಕೊಟ್ಟು, ತಾವು ಕಂಪನಿಯ ರೂಟರ್‌ನಲ್ಲೇ ಉಳಿಯುತ್ತಾರೆ. ಅದು ತಿರುಗುಮುರುಗಾದ ವ್ಯವಸ್ಥೆ. ತೊಟ್ಟಿಮನೆಯ ಒಳಕೋಣೆಯಲ್ಲಿರುವವರು ಪಡಸಾಲೆಗೆ ಬರಬಲ್ಲರು, ಪಡಸಾಲೆಯಲ್ಲಿ ಕುಳಿತವರಿಗೆ ಮಾತ್ರ ಒಳಕೋಣೆಯ ಬಾಗಿಲು ಮುಚ್ಚಿರುತ್ತದೆ. ಕಂಪನಿಯ ರೂಟರ್‌ನ ಹಿಂದೆ ಸೇರಿಸಿದ ಎರಡನೆಯ ರೂಟರ್, ಅಂದರೆ ಒಳಗಿನ ರೂಟರ್, ನಡೆದುಕೊಳ್ಳುವುದೂ ಹಾಗೆಯೇ. ಒಳಗಿನಿಂದ ಹೊರಟ ವಿನಂತಿಯನ್ನು ಅದು ನೆನಪಿಟ್ಟುಕೊಂಡು ಅದರ ಉತ್ತರವನ್ನು ಒಳಗೆ ಬಿಡುತ್ತದೆ, ಹೊರಗಿನವರು ತಾವಾಗಿ ಆರಂಭಿಸಿದ ಸಂಪರ್ಕವನ್ನು ಬಿಡುವುದಿಲ್ಲ. ಆದ್ದರಿಂದ ಒಳಗಿನ ರೂಟರ್ ನಿಮ್ಮದಾಗಬೇಕು.

ಕಂಪನಿಯ ರೂಟರ್‌ನ ಲ್ಯಾನ್ ಪೋರ್ಟಿನಿಂದ ಹೊರಟ ಕೇಬಲ್ ಎರಡನೆಯ ರೂಟರ್‌ನ ವ್ಯಾನ್ ಪೋರ್ಟಿಗೇ ಸೇರಬೇಕು. ಅದನ್ನು ಅಲ್ಲಿನ ಲ್ಯಾನ್ ಪೋರ್ಟಿಗೆ ಚುಚ್ಚಿದರೆ, ಅಥವಾ ರೂಟರನ್ನು ಆಕ್ಸೆಸ್ ಪಾಯಿಂಟ್ ಮೋಡ್‌ನಲ್ಲಿ (ಇರುವ ಜಾಲಕ್ಕೇ ವೈಫೈ ಮಾತ್ರ ಒದಗಿಸುವ ವಿಧಾನದಲ್ಲಿ) ಇಟ್ಟರೆ, ವೈಫೈ ಹೆಸರು ಬೇರೆಯಾದರೂ ಜಾಲ ಒಂದೇ ಆಗಿ ಉಳಿಯುತ್ತದೆ. ಎರಡರ ವಿಳಾಸಗಳೂ ಬೇರೆಯಾಗಿರಬೇಕು: ಹೊರಗಿನದು 192.168.1.1 ಆಗಿದ್ದರೆ ಒಳಗಿನದನ್ನು 192.168.10.1 ಮಾಡಿಕೊಳ್ಳಿ. ಅಕ್ಕಪಕ್ಕದಲ್ಲೇ ಇಡುವುದಾದರೆ, ಒಂದರ ವೈಫೈ ಇನ್ನೊಂದಕ್ಕೆ ಅಡ್ಡಿಯಾಗದಂತೆ 2.4 ಗಿಗಾಹರ್ಟ್ಸ್‌ನಲ್ಲಿ 1, 6, 11 ಎಂಬ ಚಾನೆಲ್‌ಗಳ ಪೈಕಿ ಬೇರೆ ಬೇರೆಯವನ್ನು ಆರಿಸಿ.

ಈಗ ಲ್ಯಾಪ್‌ಟಾಪ್, ಪ್ರಿಂಟರ್ ಮತ್ತು ಮನೆಯವರ ಫೋನುಗಳು ಒಳಗಿನ ರೂಟರ್‌ನಲ್ಲಿ, ಡಿವಿಆರ್ ಹೊರಗಿನದರ ಕೇಬಲ್‌ನಲ್ಲಿ, ವಿದ್ಯಾರ್ಥಿಗಳು ಅದರದೇ ಗೆಸ್ಟ್ ವೈಫೈಯಲ್ಲಿ ಇರುತ್ತಾರೆ. ಡಿವಿಆರ್‌ನ ವಿಳಾಸವನ್ನು ಟೈಪ್ ಮಾಡಿದರೆ ಒಳಗಿನಿಂದ ಅದು ತೆರೆದುಕೊಳ್ಳುತ್ತದೆ. ತಾನಾಗಿ ಹುಡುಕಿಕೊಳ್ಳುವ ಆ್ಯಪ್‌ಗಳಿಗೆ ಮಾತ್ರ ಅದು ಕಾಣದೇ ಹೋಗಬಹುದು, ಏಕೆಂದರೆ ಹಾಗೆ ಹುಡುಕುವ ಸಂದೇಶಗಳು ಸಾಮಾನ್ಯವಾಗಿ ತಮ್ಮ ಜಾಲದ ಗಡಿ ದಾಟುವುದಿಲ್ಲ. ಟಿವಿಗೂ ಇದೇ ಕಾರಣ ಅನ್ವಯಿಸುತ್ತದೆ. ಫೋನಿನಿಂದ ಟಿವಿಗೆ ವಿಡಿಯೊ ಕಳಿಸುವ ರೂಢಿಯಿದ್ದರೆ ಅದು ಒಳಗೇ ಇರಲಿ, ರಿಮೋಟಿನಿಂದಲೇ ನೋಡುವವರಾದರೆ ಹೊರಗೆ ಹಾಕಿ.

ಪರೀಕ್ಷಿಸದ ಹೊರತು ಕೆಲಸ ಮುಗಿಯಿತೆಂದು ತಿಳಿಯಬೇಡಿ. ಫೋನನ್ನು ಗೆಸ್ಟ್ ವೈಫೈಗೆ ಸೇರಿಸಿ, ಮೊಬೈಲ್ ಡೇಟಾ ಆಫ್ ಮಾಡಿ, ಬ್ರೌಸರ್‌ನಲ್ಲಿ ಡಿವಿಆರ್‌ನ ವಿಳಾಸ ಹಾಕಿ ನೋಡಿ. ಲಾಗಿನ್ ಪುಟ ಬಂದರೆ ಬೇರ್ಪಡಿಕೆ ಆಗಿಲ್ಲ. ಹೊರಗಿನ ಮುಖ್ಯ ವೈಫೈಗೆ ಸೇರಿ ಪ್ರಿಂಟರ್‌ನ ವಿಳಾಸವನ್ನೂ ಹೀಗೆಯೇ ಪ್ರಯತ್ನಿಸಿ.

ವಿ-ಲ್ಯಾನ್ ಬೇಕಾಗುವುದು ಮಹಡಿಗೆ ಎಳೆದ ಒಂದೇ ಕೇಬಲ್‌ನಲ್ಲಿ ಎರಡು ಮೂರು ಜಾಲಗಳನ್ನು ಸಾಗಿಸಬೇಕಾದಾಗ. 802.1ಕ್ಯು ಎಂಬ ಮಾನದಂಡದಂತೆ ಕೇಬಲ್‌ನಲ್ಲಿ ಸಾಗುವ ಮಾಹಿತಿಯ ಪ್ರತಿ ತುಣುಕಿಗೂ (ಫ್ರೇಮಿಗೂ) 1ರಿಂದ 4094ರೊಳಗಿನ ಒಂದು ಜಾಲಸಂಖ್ಯೆಯನ್ನು ಅಂಟಿಸಲಾಗುತ್ತದೆ, ಮ್ಯಾನೇಜ್ಡ್ ಸ್ವಿಚ್ ಆ ಸಂಖ್ಯೆಯನ್ನು ನೋಡಿ ವಿಂಗಡಿಸುತ್ತದೆ. ಅಲ್ಲಿಯೂ ಸಂಖ್ಯೆ ಕೊಟ್ಟರೆ ಸಾಲದು, ಜಾಲದಿಂದ ಜಾಲಕ್ಕೆ ಏನು ಹೋಗಬಹುದು ಎಂಬ ನಿಯಮವನ್ನು ರೂಟರ್‌ನಲ್ಲಿ ಬರೆಯಬೇಕು. ಬರೆಯದಿದ್ದರೆ ಅನೇಕ ರೂಟರ್‌ಗಳು ಎಲ್ಲವನ್ನೂ ದಾಟಿಸಿಬಿಡುತ್ತವೆ. ಆಗ ನಿಮ್ಮ ಕಾಗದದ ಗೆರೆಗಳೇ ಆ ನಿಯಮಗಳಾಗುತ್ತವೆ.

ಫೈಬರ್ ಕಂಪನಿಯವರು ಬಂದು ರೂಟರ್ ಬದಲಿಸಿದರೆ ಗೆಸ್ಟ್ ನೆಟ್‌ವರ್ಕ್ ಸೆಟ್ಟಿಂಗ್ ಅಳಿಸಿಹೋಗುತ್ತದೆ. ನಿಮ್ಮ ಒಳಗಿನ ರೂಟರ್ ಹಾಗೆಯೇ ಉಳಿಯುತ್ತದೆ, ಆದರೆ ಹೊರಗಿನದರ ವಿಳಾಸ ಅದರ ವಿಳಾಸದೊಂದಿಗೆ ಒಂದಾಗದಂತೆ ನೋಡಿಕೊಂಡು, ಗೆಸ್ಟ್ ಪರೀಕ್ಷೆಯನ್ನು ಅವರು ಹೋದ ಕೂಡಲೇ ಇನ್ನೊಮ್ಮೆ ಮಾಡಿ.