ಐದಡಿ ಹಲಗೆ, ಎರಡು ಪಾಯಿಂಟ್, ಎಂಟು ವ್ಯಾಗನ್

ಹುಬ್ಬಳ್ಳಿ ನಿಲ್ದಾಣದ ಉದ್ದನೆಯ ಪ್ಲಾಟ್‌ಫಾರಂ 1,507 ಮೀಟರ್ ಇದೆ. ಅದನ್ನು 87 ಪಟ್ಟು ಚಿಕ್ಕದು ಮಾಡಿದರೂ 17 ಮೀಟರ್ ದಾಟುತ್ತದೆ. 30x40 ಸೈಟಿನಲ್ಲಿ ಮೂಲೆಯಿಂದ ಮೂಲೆಗೆ ಎಳೆದರೂ ಹಿಡಿಸುವುದಿಲ್ಲ. ಮನೆಯಲ್ಲಿ ಮಾಡೆಲ್ ರೈಲು ಕಟ್ಟುವವರು ಹೆಚ್ಚಾಗಿ ಬಳಸುವುದು ಇದೇ 1:87 ಅಳತೆ. ಇದಕ್ಕೆ ಎಚ್‌ಒ ಅಂತಾರೆ.

ಉದ್ದವನ್ನಾದರೂ ಮೊಟಕು ಮಾಡಬಹುದು. ನಾಲ್ಕು ಕೋಚಿನ ರೈಲು, ಅದಕ್ಕೆ ತಕ್ಕ ಪ್ಲಾಟ್‌ಫಾರಂ. ನಿಜವಾದ ತಲೆನೋವು ತಿರುವು. ನಮ್ಮ ಬ್ರಾಡ್‌ಗೇಜ್‌ನಲ್ಲಿ ಅತಿ ಬಿಗಿಯಾದ ತಿರುವು ಅಂದರೆ 10 ಡಿಗ್ರಿ, ಅಂದರೆ 175 ಮೀಟರ್ ತ್ರಿಜ್ಯ. ಎಚ್‌ಒದಲ್ಲಿ ಅದು 2 ಮೀಟರ್. ಒಂದು ಸುತ್ತು ಹಾಕಿಸಲು 4 ಮೀಟರ್ ಅಗಲದ ಮೇಜು ಬೇಕು! ಪೆಟ್ಟಿಗೆಯಲ್ಲಿ ಬರುವ ಸೆಟ್‌ಗಳು 40 ಸೆಂಟಿಮೀಟರ್ ಆಸುಪಾಸಿನ ತ್ರಿಜ್ಯದಲ್ಲೇ ರೈಲನ್ನು ತಿರುಗಿಸಿಬಿಡುತ್ತವೆ. ಅಂಥ ತಿರುವಿನಲ್ಲಿ ಎಲ್‌ಎಚ್‌ಬಿ ಕೋಚ್ (ನಮ್ಮ ಎಕ್ಸ್‌ಪ್ರೆಸ್ ರೈಲುಗಳ ಉದ್ದನೆಯ ಬೋಗಿ) ನಿಲ್ಲಿಸಿ ಮೇಲಿನಿಂದ ನೋಡಿ. ಅದರ ನಡುಭಾಗ ಸುಮಾರು 9 ಮಿಲಿಮೀಟರ್ ಒಳಕ್ಕೆ ಸರಿದಿರುತ್ತದೆ. ಎರಡು ಹಳಿಗಳ ನಡುವಿನ ಅಂತರವೇ 16.5 ಮಿಲಿಮೀಟರ್. ನೋಡೋಕೆ ಚೆನ್ನಾಗಿರಲ್ಲ.

ಒಂದು ಹಳಿಯ ಮೇಲೆ ಇನ್ನೊಂದನ್ನು ಹಾಯಿಸುವ ಆಸೆಯನ್ನೂ ಬಿಡಬೇಕು. ಕೆಳಗೆ ರೈಲು ನುಸುಳಲು ಏಳೂವರೆ ಸೆಂಟಿಮೀಟರ್ ಎತ್ತರವಾದರೂ ಬೇಕು. ಸಕಲೇಶಪುರದ ಘಾಟಿಯಲ್ಲಿರುವ 50ಕ್ಕೆ 1ರ ಏರು ಇಟ್ಟುಕೊಂಡರೆ ಅಷ್ಟು ಏರಲು 3.75 ಮೀಟರ್ ಹಳಿ ಬೇಕು. ಇಳಿಯಲು ಮತ್ತೆ ಅಷ್ಟೇ.

ಹಾಗಾದರೆ ಕಪಾಟಿನ ಮೇಲೆ ಹಿಡಿಸುವ ಹಲಗೆಯಲ್ಲಿ ಏನು ಮಾಡೋದು? ನನ್ನ ಕೇಳಿದರೆ ಶಂಟಿಂಗ್, ಅಂದರೆ ವ್ಯಾಗನ್‌ಗಳನ್ನು ಹಿಂದೆ ಮುಂದೆ ಎಳೆದು ತಳ್ಳಿ ಬೇಕಾದ ಕಡೆ ಜೋಡಿಸುವುದು. 100 ಕಿಲೋಮೀಟರ್ ವೇಗದ ಎಕ್ಸ್‌ಪ್ರೆಸ್ ಎಚ್‌ಒದಲ್ಲಿ ಸೆಕೆಂಡಿಗೆ 32 ಸೆಂಟಿಮೀಟರ್ ಓಡುತ್ತದೆ. ಒಂದೂವರೆ ಮೀಟರ್ ಹಲಗೆ ಐದು ಸೆಕೆಂಡಿನೊಳಗೆ ಮುಗಿದೇ ಹೋಯಿತು. ಯಾರ್ಡಿನಲ್ಲಿ ವ್ಯಾಗನ್ ತಳ್ಳುವ ಇಂಜಿನ್ ಮನುಷ್ಯ ನಡೆಯುವ ವೇಗದಲ್ಲಿ, ಗಂಟೆಗೆ 5 ಕಿಲೋಮೀಟರ್, ಹೋಗುತ್ತದೆ ಅಂತಿಟ್ಟುಕೊಳ್ಳಿ. ಅದಕ್ಕೆ ಒಂದು ಮೀಟರ್ ದಾಟಲು ಒಂದು ನಿಮಿಷ ಬೇಕು. ಜಾಗ ಅದೇ, ಆಟ ಮಾತ್ರ ಎಷ್ಟೋ ಪಟ್ಟು ಜಾಸ್ತಿ.

ಈ ದಾರಿಯಲ್ಲಿ ಬಂದ ವಿನ್ಯಾಸಗಳಲ್ಲಿ ಬ್ರಿಟನ್ನಿನ ಅಲನ್ ರೈಟ್ ಅವರ ಇಂಗಲ್‌ನುಕ್ ಸೈಡಿಂಗ್ಸ್ ನನಗೆ ಎಲ್ಲಕ್ಕಿಂತ ಇಷ್ಟ. ಮೂರು ಸೈಡಿಂಗ್ (ವ್ಯಾಗನ್ ನಿಲ್ಲಿಸುವ ಪಕ್ಕದ ಹಳಿ), ಎರಡೇ ಪಾಯಿಂಟ್ (ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಜಾಗ). ಒಂದರಲ್ಲಿ ಐದು ವ್ಯಾಗನ್ ಹಿಡಿಸುತ್ತದೆ, ಉಳಿದೆರಡರಲ್ಲಿ ಮೂರು ಮೂರು. ಮೂರೂ ಸೇರುವ ಆ ಕಡೆಯ ಹಳಿಯಲ್ಲಿ ಇಂಜಿನ್ ಮತ್ತು ಮೂರು ವ್ಯಾಗನ್‌ಗೆ ಮಾತ್ರ ಜಾಗ. ಒಟ್ಟು ವ್ಯಾಗನ್ ಎಂಟು. ವ್ಯಾಗನ್‌ಗೊಂದರಂತೆ ಬರೆದ ಚೀಟಿಗಳಲ್ಲಿ ಐದನ್ನು ಎತ್ತಬೇಕು, ಬಂದ ಕ್ರಮದಲ್ಲೇ ಐದು ವ್ಯಾಗನ್‌ಗಳನ್ನು ಉದ್ದದ ಸೈಡಿಂಗ್‌ನಲ್ಲಿ ಜೋಡಿಸಬೇಕು. ಅಷ್ಟೇ ನಿಯಮ.

ಸುಲಭ ಅನಿಸುತ್ತೆ, ಅಲ್ವಾ? ಸೈಡಿಂಗ್‌ಗಳಲ್ಲಿ ಜಾಗ ಹನ್ನೊಂದು, ವ್ಯಾಗನ್ ಎಂಟು, ಖಾಲಿ ಉಳಿಯುವುದು ಮೂರೇ. ಬೇಕಾದ ವ್ಯಾಗನ್ ಸಾಲಿನಲ್ಲಿ ನಾಲ್ಕನೆಯದಾಗಿದ್ದರೆ ಮುಂದಿನ ಮೂರನ್ನು ಎಳೆದು ಬೇರೆ ಕಡೆ ಬಿಡಬೇಕು. ಬಿಟ್ಟ ಕೂಡಲೇ ಆ ಸೈಡಿಂಗ್ ಭರ್ತಿ! ಮತ್ತೆ ಅದನ್ನು ಬಿಡಿಸಬೇಕು. ಐದು ವ್ಯಾಗನ್‌ಗಳ ಸಾಲು ಎಷ್ಟು ಬಗೆಯಲ್ಲಿ ಬರಬಹುದು? 8 × 7 × 6 × 5 × 4, ಅಂದರೆ 6,720. ದಿನಕ್ಕೊಂದರಂತೆ ಆಡಿದರೆ 18 ವರ್ಷಕ್ಕೆ ಸಾಕು.

ಇದನ್ನು ನಮ್ಮ ಗಾಡಿಗಳಿಗೆ ಹೊಂದಿಸಿ ನೋಡೋಣ. ಕಲ್ಲಿದ್ದಲು ಸಾಗಿಸುವ ಬಾಕ್ಸ್‌ಎನ್ ವ್ಯಾಗನ್ 10.7 ಮೀಟರ್ ಉದ್ದ. ಎಚ್‌ಒದಲ್ಲಿ 12.3 ಸೆಂಟಿಮೀಟರ್. ಐದಕ್ಕೆ 62. ಡಬ್ಲ್ಯುಡಿಎಂ-2 ಡೀಸೆಲ್ ಇಂಜಿನ್ ಸುಮಾರು 20. ಅದರ ಜೊತೆ ಮೂರು ವ್ಯಾಗನ್ ಸೇರಿದರೆ 57. ನಡುವೆ ಎರಡು ಪಾಯಿಂಟ್‌ಗೆ 40 ಅಂತಿಟ್ಟುಕೊಳ್ಳಿ. ಒಟ್ಟು 160 ಸೆಂಟಿಮೀಟರ್, ಐದಡಿಗೆ ಒಂಚೂರು ಜಾಸ್ತಿ. 1:160ರ ಎನ್ ಅಳತೆಗೆ ಹೋದರೆ ಮೂರಡಿಯೊಳಗೇ ಮುಗಿಯುತ್ತದೆ. (ಲೆಕ್ಕ ಪಕ್ಕಾ ಇರಬೇಕು ಅನ್ನುವವರಿಗೆ ಒಂದು ಕಿರಿಕಿರಿ ಇದೆ. ನಮ್ಮ 1,676 ಮಿಲಿಮೀಟರ್ ಬ್ರಾಡ್‌ಗೇಜ್ ಎಚ್‌ಒದಲ್ಲಿ 19.3 ಆಗಬೇಕು, ಅಂಗಡಿಯ ಹಳಿ 16.5. ಪಕ್ಕದಿಂದ ನೋಡುವಾಗ ಅದು ಗೊತ್ತೇ ಆಗಲ್ಲ, ಸುಮ್ನೆ ಬಿಟ್ಟುಬಿಡಿ.)

ಎಲ್ಲಿಗಾದರೂ ಒಯ್ಯಬೇಕೆಂದರೆ ಐದಡಿಯ ಒಂದೇ ಹಲಗೆ ಆಟೋದಲ್ಲಿ ಹಿಡಿಸುವುದಿಲ್ಲ. ಹಾಗಾಗಿ 80 ಸೆಂಟಿಮೀಟರ್‌ನ ಎರಡು ಹಲಗೆ ಮಾಡಬೇಕು. ಅಗಲ 30 ಸಾಕು. ಈ ಅಳತೆಯ ಒಂದೊಂದು ಹಲಗೆಗೆ 9 ಮಿಲಿಮೀಟರ್ ಪ್ಲೈವುಡ್ ಸುಮಾರು 1.3 ಕಿಲೋ ತೂಗುತ್ತದೆ. ಬಿಡಿ ಮರ ಮಳೆಗಾಲದಲ್ಲಿ ಅಡ್ಡಕ್ಕೆ ಉಬ್ಬುತ್ತದೆ. ಪ್ಲೈನಲ್ಲಿ ಪದರಗಳ ಎಳೆ ಒಂದಕ್ಕೊಂದು ಅಡ್ಡವಾಗಿರುವುದರಿಂದ ಒಂದನ್ನೊಂದು ಹಿಡಿದು ನಿಲ್ಲಿಸುತ್ತವೆ.

ಎರಡು ಹಲಗೆ ಅಂದಮೇಲೆ ನಡುವೆ ಒಂದು ಸಂದು ಇದ್ದೇ ಇರುತ್ತದೆ. ಹಗುರವಾದ ಮಾಡೆಲ್ ರೈಲು ಲೇಔಟ್‌ಗಳು ಸೋಲುವುದು ಅಲ್ಲೇ. ಚಕ್ರದ ಅಂಚು ಹಳಿಯೊಳಗೆ ಇಳಿದಿರುವುದು ಒಂದು ಮಿಲಿಮೀಟರ್ ಆಸುಪಾಸು ಅಷ್ಟೇ. ಸಂದಿನಲ್ಲಿ ಹಳಿ ಅರ್ಧ ಮಿಲಿಮೀಟರ್ ಆಚೀಚೆ ಆದರೂ ವ್ಯಾಗನ್ ಇಳಿದುಬಿಡಬಹುದು. ಆ ಜಾಗದಲ್ಲಿ ಪಾಯಿಂಟ್ ಇಡಲೇಬಾರದು. ಹಲಗೆಗಳ ನಡುವೆ ಲೋಹದ ಗೂಟ ಮತ್ತು ಕುಳಿ ಕೂರಿಸಿ, ಬೋಲ್ಟ್ ಬಿಗಿಯಬೇಕು. ಸಂದಿನ ಎರಡೂ ಅಂಚಿನಲ್ಲಿ ಹಿತ್ತಾಳೆ ಸ್ಕ್ರೂ ಇಳಿಸಿ, ಅವುಗಳ ತಲೆಗೆ ಹಳಿಯನ್ನು ಬೆಸುಗೆ ಹಾಕಬೇಕು. ಆಗ ಹಳಿ ಇನ್ನೂ ತುಂಡಾಗಿರಬಾರದು. ಹಲಗೆ ಬಿಗಿದುಕೊಂಡಿರುವಾಗಲೇ ತೆಳುವಾದ ಕಟಿಂಗ್ ಡಿಸ್ಕ್‌ನಿಂದ ಸಂದಿನ ನೇರಕ್ಕೆ ಹಳಿ ಕೊಯ್ಯಬೇಕು. ಒಂದೇ ಹಳಿಯ ಎರಡು ತುದಿ, ಆದ್ದರಿಂದ ಪ್ರತಿ ಸಲ ಜೋಡಿಸಿದಾಗಲೂ ಎದುರುಬದುರು ಕೂರುತ್ತವೆ.

ವಿದ್ಯುತ್ತಿನ ವಿಷಯದಲ್ಲಿ ಒಂದೇ ಎಚ್ಚರಿಕೆ. ನಿಜವಾದ ಡಬ್ಲ್ಯುಡಿಎಂ-2 ತೂಗುವುದು ಸುಮಾರು 113 ಟನ್. ಉದ್ದ, ಅಗಲ, ಎತ್ತರ ಮೂರೂ 87 ಪಟ್ಟು ಕುಗ್ಗುವುದರಿಂದ ತೂಕ ಆರೂವರೆ ಲಕ್ಷ ಪಟ್ಟು ಇಳಿಯುತ್ತದೆ. ಲೆಕ್ಕದ ಪ್ರಕಾರ 170 ಗ್ರಾಂ. ಹಳಿಯಿಂದ ಬರುವ ಕರೆಂಟ್ ಒಂದು ಕ್ಷಣ ತಪ್ಪಿದರೆ ಅಷ್ಟು ಹಗುರದ್ದು ಉರುಳಿಕೊಂಡು ಹೋಗುವುದಿಲ್ಲ, ನಿಂತಲ್ಲೇ ನಿಲ್ಲುತ್ತದೆ. ಶಂಟಿಂಗ್ ವೇಗದಲ್ಲಂತೂ ಇನ್ನೂ ಬೇಗ. ಪಾಯಿಂಟ್‌ನಲ್ಲಿ ಹಳಿಗಳು ಕೂಡುವ ಮೂಲೆ ಪ್ಲಾಸ್ಟಿಕ್ ಆಗಿದ್ದರೆ ಚಿಕ್ಕ ಇಂಜಿನ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಆ ಮೂಲೆಗೂ ಕರೆಂಟ್ ಹರಿಯುವ ಪಾಯಿಂಟ್ ತಗೊಳ್ಳಿ, ದುಡ್ಡು ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ.

ಹಳಿ ಅಂಟಿಸುವ ಮೊದಲು ಪೂರ್ತಿ ಅಳತೆಯ ನಕ್ಷೆಯನ್ನು ಕಾಗದದಲ್ಲಿ ಬರೆದು ಹಾಸಿ, ವ್ಯಾಗನ್‌ಗಳನ್ನು ಕೈಯಲ್ಲೇ ತಳ್ಳಿ ಒಂದೆರಡು ಆಟ ಆಡಿ ನೋಡಿ. ಇಂಜಿನ್ ನಿಲ್ಲುವ ಹಳಿ ಒಂದು ಸೆಂಟಿಮೀಟರ್ ಕಡಿಮೆಯಾದರೂ ಮೂರನೇ ವ್ಯಾಗನ್ ಪಾಯಿಂಟ್ ಮೇಲೇ ನಿಲ್ಲುತ್ತದೆ, ಆಮೇಲೆ ಪಾಯಿಂಟನ್ನು ತಿರುಗಿಸಲು ಆಗುವುದಿಲ್ಲ.