ಮಂಗಳೂರಿನ ನರ್ಸಿಂಗ್ ನೋಂದಣಿ ತಲಪಾಡಿ ದಾಟುವುದಿಲ್ಲ

ಈಚೆಗೆ ನಮ್ಮಲ್ಲಿ, ಅಂದರೆ ತಲಪಾಡಿ ಗಡಿಯಿಂದ ಈಚೆಗಿನ ಕೇರಳದ ಕಾಸರಗೋಡಿನಲ್ಲಿ, ಪಾಲಿಯೇಟಿವ್ ನರ್ಸ್ (ವಾಸಿಯಾಗದ ಕಾಯಿಲೆಯವರ ನೋವು ತಗ್ಗಿಸಿ ಆರೈಕೆ ಮಾಡುವ ನರ್ಸ್) ಕೆಲಸಕ್ಕೆ ಸಂದರ್ಶನವಿತ್ತು. ಬಂದವರಲ್ಲಿ ಒಬ್ಬಳು ಪೆರ್ಲದ ಕಡೆಯ ಹುಡುಗಿ. ಮಂಗಳೂರಿನಲ್ಲಿ ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಮುಗಿಸಿ ಅಲ್ಲೇ ಎರಡು ವರ್ಷ ವಾರ್ಡಿನಲ್ಲಿ ದುಡಿದವಳು. ಕನ್ನಡ, ತುಳು, ಮಲಯಾಳ ಮೂರೂ ಸಲೀಸು. ಫೈಲು ಬಿಡಿಸಿದರೆ ಕರ್ನಾಟಕ ನರ್ಸಿಂಗ್ ಕೌನ್ಸಿಲಿನ ನೋಂದಣಿ ಮಾತ್ರ ಇದೆ, ಕೇರಳದ್ದು ಇಲ್ಲ. ಅವಳನ್ನು ಪರಿಗಣಿಸಲು ಆಗಲಿಲ್ಲ. ಹೊರಗೆ ಕಾಯುತ್ತಿದ್ದ ಅಪ್ಪ ನನ್ನನ್ನೇ ಕೇಳಿದರು: "ಸಿಸ್ಟರೇ, ಮಂಗಳೂರಲ್ಲಿ ಕಲಿತದ್ದು ಇಲ್ಲಿ ಆಗುವುದಿಲ್ಲ ಅಂದರೆ ಎಂತ? ಅವಳ ಡ್ರೈವಿಂಗ್ ಲೈಸೆನ್ಸೂ ಅಲ್ಲಿಯದ್ದೇ, ಅದು ಇಲ್ಲಿ ನಡೆಯುತ್ತದಲ್ಲ?"

ಪ್ರತಿ ಸಂದರ್ಶನದಲ್ಲೂ ಹೀಗೆ ಒಬ್ಬರಾದರೂ ಕಣ್ಣೀರು ಹಾಕಿಕೊಂಡು ಹೋಗುತ್ತಾರೆ. ನೋಡಿ ನೋಡಿ ನನಗೆ ಸಾಕಾಗಿದೆ.

ಆ ಅಪ್ಪ ಕೇಳಿದ್ದರಲ್ಲಿ ತಪ್ಪಿಲ್ಲ. ಕೆಎ 19ರ ಊರಿನಲ್ಲಿ ತೆಗೆದ ಲೈಸೆನ್ಸ್ ಹಿಡಿದು ಕೆಎಲ್ 14ರ ಗಾಡಿ ಓಡಿಸಬಹುದು. ನರ್ಸಿಂಗ್ ಹಾಗಲ್ಲ. ಮಂಗಳೂರಿನಲ್ಲಿ ನರ್ಸಿಂಗ್ ಮುಗಿಸಿದವರೇ, ನೀವು ಕಲಿತದ್ದು ಎಲ್ಲಿಯೂ ವ್ಯರ್ಥವಾಗುವುದಿಲ್ಲ, ಡಿಪ್ಲೊಮಾ ಡಿಪ್ಲೊಮಾವೇ. ಆದರೆ ರೋಗಿಯ ಮೈ ಮುಟ್ಟಿ ಕೆಲಸ ಮಾಡುವ ಅಧಿಕಾರ ಕೊಡುವುದು ಆಯಾ ರಾಜ್ಯದ ಕೌನ್ಸಿಲ್. ಪಠ್ಯಕ್ರಮ, ಮಟ್ಟ ಇವನ್ನು ನೋಡಿಕೊಳ್ಳಲು 1947ರ ಕಾಯ್ದೆಯಲ್ಲಿ ಭಾರತೀಯ ನರ್ಸಿಂಗ್ ಕೌನ್ಸಿಲ್ ಆಯಿತು. ರಿಜಿಸ್ಟರಿನಲ್ಲಿ ಹೆಸರು ಬರೆಯುವುದು ರಾಜ್ಯದ ಕೆಲಸವಾಗಿಯೇ ಉಳಿಯಿತು. ನೀವು ಕರ್ನಾಟಕದ ರಿಜಿಸ್ಟರಿನಲ್ಲಿದ್ದೀರಿ. ಬದಿಯಡ್ಕದಲ್ಲೋ ವರ್ಕಾಡಿಯಲ್ಲೋ ಮನೆಮನೆಗೆ ಹೋಗಿ ಕ್ಯಾಥೆಟರ್ ಹಾಕಬೇಕಾದರೆ ತಿರುವನಂತಪುರದ ಕೇರಳ ನರ್ಸಸ್ ಆ್ಯಂಡ್ ಮಿಡ್‌ವೈವ್ಸ್ ಕೌನ್ಸಿಲಿನ ರಿಜಿಸ್ಟರಿನಲ್ಲಿ ಹೆಸರಿರಬೇಕು. ಎರಡೂ ಬೇರೆ ಬೇರೆ ಪುಸ್ತಕ. ಒಂದರಲ್ಲಿ ಇದ್ದರೆ ಇನ್ನೊಂದರಲ್ಲಿ ತಾನಾಗಿ ಬರುವುದಿಲ್ಲ, ನೀವೇ ಅರ್ಜಿ ಹಾಕಿ ಬರೆಸಬೇಕು. "ನಾವು ಹುಟ್ಟಿದ್ದೇ ಕಾಸರಗೋಡಿನಲ್ಲಿ, ರೇಷನ್ ಕಾರ್ಡೂ ಇಲ್ಲಿಯದ್ದೇ" ಎನ್ನುತ್ತಾರೆ. ಮನೆ ಎಲ್ಲಿದೆ ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ನೋಂದಣಿ ಎಲ್ಲಿಯದು ಎಂಬುದಷ್ಟೇ ಬರುತ್ತದೆ.

2023ರಲ್ಲಿ ಸಂಸತ್ತು ಹೊಸ ನರ್ಸಿಂಗ್ ಆಯೋಗದ ಕಾಯ್ದೆ ಮಾಡಿದೆ, ಅದರಲ್ಲಿ ರಾಷ್ಟ್ರೀಯ ರಿಜಿಸ್ಟರಿನ ಮಾತೂ ಇದೆ. ಅದನ್ನು ನಂಬಿ ಕೈಕಟ್ಟಿ ಕೂರಬೇಡಿ.

ಅರ್ಜಿಯ ಕ್ರಮವೂ ಶುಲ್ಕವೂ ಬದಲಾಗುತ್ತಿರುತ್ತವೆ, ಆದ್ದರಿಂದ ಅಂಕಿ ಬರೆಯುವುದಿಲ್ಲ. ಕೌನ್ಸಿಲಿನ ಜಾಲತಾಣವನ್ನೇ ನೋಡಿ. ಒಂದು ಮಾತು ಖಚಿತ: ಬೆಂಗಳೂರಿನ ಕೌನ್ಸಿಲ್ ನಿಮ್ಮ ನೋಂದಣಿ ಸರಿ ಎಂದು ದೃಢಪಡಿಸದೆ ಇಲ್ಲಿಯವರು ಮುಂದೆ ಹೋಗುವುದಿಲ್ಲ. ಎರಡು ಕಚೇರಿಗಳ ನಡುವಿನ ಓಡಾಟ, ತಿಂಗಳುಗಳೇ ಹಿಡಿಯಬಹುದು. ಪತ್ರಿಕೆಯಲ್ಲಿ ಪ್ರಕಟಣೆ ಕಂಡ ಮೇಲೆ ಸಂದರ್ಶನಕ್ಕೆ ಸಿಗುವುದು ಒಂದೋ ಎರಡೋ ವಾರ. ಆ ರಾತ್ರಿ ಮಲಬಾರ್ ಎಕ್ಸ್‌ಪ್ರೆಸ್ ಹತ್ತಿ ತಿರುವನಂತಪುರಕ್ಕೆ ಓಡಿದರೆ ಕೆಲಸ ಆಗುವುದಿಲ್ಲ. ಕೋರ್ಸ್ ಮುಗಿದ ವರ್ಷವೇ ಅರ್ಜಿ ಹಾಕಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. 2008ರಲ್ಲಿ ಕೇರಳ ಪಾಲಿಯೇಟಿವ್ ನೀತಿ ತಂದ ಮೇಲೆ ಪಂಚಾಯತುಗಳು ಮನೆಭೇಟಿ ಶುರುಮಾಡಿದವು. ಈ ಗಡಿಯ ಮನೆಗಳಿಗೆ ಭಾಷೆ ಗೊತ್ತಿರುವ ನರ್ಸ್ ಬೇಕೇ ಬೇಕು. ಒಮ್ಮೆ ಎಣ್ಮಕಜೆಯ ಬದಿಯಲ್ಲಿ ಜೀಪು ಬಿಟ್ಟು, ಸಂಕ (ಕಾಲುಸೇತುವೆ) ದಾಟಿ, ಕಂಗಿನ (ಅಡಿಕೆ) ತೋಟದೊಳಗಿಂದ ಒಂದು ಮನೆಗೆ ಹೋಗಿದ್ದೆ. ಬಾಯಿಯ ಕ್ಯಾನ್ಸರಿನ ಅಜ್ಜಿ. ಮನೆಭೇಟಿಯ ಪುಸ್ತಕದಲ್ಲಿ ಹಿಂದಿನ ಭೇಟಿಗಳಲ್ಲೆಲ್ಲ ಬರೀ 'ನೋವು' ಎಂದಿತ್ತು, ಮಾತ್ರೆಯೂ ಅದಕ್ಕೆ ತಕ್ಕದ್ದೇ. ನಾನು ಚಾಪೆಯ ಮೇಲೆ ಕೂತು "ಅಜ್ಜೀ, ಹೇಗೆ ನೋಯುತ್ತದೆ?" ಎಂದೆ. ಅವರು ಕೆನ್ನೆಯಿಂದ ಕಿವಿಯವರೆಗೆ ಬೆರಳು ಎಳೆದು, "ನೋವಲ್ಲ ಮಗಾ, ಉರಿ. ಕೆಂಡ ಇಟ್ಟ ಹಾಗೆ. ಮತ್ತೆ ಚುಳ್ ಅಂತದೆ" ಎಂದರು. ಉರಿ, ಚುಳುಕು ಎಂದರೆ ನರದ ನೋವಿರಬಹುದು, ಅದರ ಮದ್ದು ಬೇರೆ. ಡಾಕ್ಟರಿಗೆ ಫೋನ್ ಮಾಡಿ ಅವರ ಮಾತನ್ನು ಹಾಗೆಯೇ ಹೇಳಿದೆ. ಮದ್ದು ಬದಲಾಯಿತು. ಮುಂದಿನ ಭೇಟಿಗೆ ಹೋದಾಗ ಅಜ್ಜಿ ಗಂಜಿ ಕುಡಿಯುತ್ತಿದ್ದರು. ಹಿಂದೆ ಬರುತ್ತಿದ್ದ ನರ್ಸ್ ಒಳ್ಳೆಯವಳೇ, ತೆಂಕಣದವಳು, 'ಉರಿ' ಅವಳಿಗೆ ತಿಳಿಯಲಿಲ್ಲ, ಅಷ್ಟೇ.

ಕೆಲಸ ಸುಖದ್ದು ಎಂದು ಹೇಳುವುದಿಲ್ಲ. ಗುತ್ತಿಗೆಯ ಕೆಲಸ, ಯೋಜನೆಯ ಹಣದಿಂದ ಬರುವ ಸಂಬಳ, ಮಾರ್ಚ್ ಬಂದರೆ ಎದೆ ಡವಡವ. ಮಳೆಗಾಲದಲ್ಲಿ ಡ್ರೆಸ್ಸಿಂಗ್ ಚೀಲ ತಲೆಯ ಮೇಲೆ ಹೊತ್ತು ತೋಡು ದಾಟಿದ್ದೇನೆ. ಪಾಲಿಯೇಟಿವ್ ತರಬೇತಿಯ ಪ್ರಮಾಣಪತ್ರವನ್ನೂ ಸಾಮಾನ್ಯವಾಗಿ ಕೇಳುತ್ತಾರೆ, ಅದನ್ನೂ ಮಾಡಿಟ್ಟುಕೊಳ್ಳಿ.

ಅರ್ಜಿಗೆ ಮೊದಲು ಎಲ್ಲ ಕಾಗದಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ಹೆಸರು ಓದಿ. ಎಸ್‌ಎಸ್‌ಎಲ್‌ಸಿಯಲ್ಲಿ ಹೆಸರಿನ ಮುಂದೆ ಎರಡು ಇನಿಶಿಯಲ್, ಡಿಪ್ಲೊಮಾದಲ್ಲಿ ಹಿಂದೆ ಒಂದು, ಆಧಾರಿನಲ್ಲಿ ಮದುವೆಯ ಮೇಲಿನ ಹೆಸರು ಎಂದಿದ್ದರೆ ಅಲ್ಲೇ ಸಿಕ್ಕಿಬೀಳುತ್ತೀರಿ. ಪೆರ್ಲದ ಆ ಹುಡುಗಿಯ ಕಾಗದಗಳನ್ನು ಅಂದು ಸಂಜೆ ಹೀಗೆಯೇ ಹರಡಿ ನೋಡಿದೆವು. ಅವಳದ್ದು ಒಂದೇ ಅಕ್ಷರದ ವ್ಯತ್ಯಾಸ, ಆಧಾರಿನಲ್ಲಿ. ಮರುದಿನವೇ ಅಪ್ಪನನ್ನು ಕರೆದುಕೊಂಡು, ಆಧಾರ್ ತಿದ್ದಿಸಲು ಕೇರಳ ಸರಕಾರದ ಸೇವಾಕೇಂದ್ರವಾದ ಅಕ್ಷಯ ಕೇಂದ್ರಕ್ಕೆ ಹೋಗಿದ್ದಾಳೆ.