ವೈಮಾನಿಕ ದೂರ: ಅದು ಯಾವುದರ ಅಳತೆ?

ಶಿವಮೊಗ್ಗದ ಸುತ್ತಮುತ್ತಲ ನಿವೇಶನಗಳ ಜಾಹೀರಾತುಗಳಲ್ಲಿ ‘ಬೆಂಗಳೂರಿಗೆ ವೈಮಾನಿಕ ದೂರ 300 ಕಿ.ಮೀ., ಅರ್ಧ ಗಂಟೆಯ ಪ್ರಯಾಣ’ ಎಂಬಂಥ ಸಾಲುಗಳು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತಿವೆ. ಎರಡೂ ಮಾತು ತಪ್ಪು. ಮುನ್ನೂರು ಎಂಬುದು ರಸ್ತೆಯ ಲೆಕ್ಕ. ಸೋಗಾನೆಯ ಕುವೆಂಪು ವಿಮಾನ ನಿಲ್ದಾಣಕ್ಕೂ ದೇವನಹಳ್ಳಿಯ ನಿಲ್ದಾಣಕ್ಕೂ ನಡುವಿನ ವೈಮಾನಿಕ ದೂರ ಸುಮಾರು 240 ಕಿ.ಮೀ. ಮಾತ್ರ.

ವೈಮಾನಿಕ ದೂರವೆಂದರೆ ವಿಮಾನ ಹಾರಿದ ದೂರವಲ್ಲ. ಎರಡು ನಿಲ್ದಾಣಗಳ ನಡುವೆ ಭೂಮಿಯ ಮೈಮೇಲೆ ಎಳೆಯಬಹುದಾದ ಅತ್ಯಂತ ಚಿಕ್ಕ ಗೆರೆಯ ಉದ್ದವದು. ಭೂಮಿ ಗುಂಡಗಿರುವುದರಿಂದ ಆ ಗೆರೆ, ಭೂಕೇಂದ್ರವನ್ನೇ ತನ್ನ ಕೇಂದ್ರವಾಗಿ ಉಳ್ಳ ಮಹಾವೃತ್ತದ ಒಂದು ತುಣುಕಾಗಿರುತ್ತದೆ. ಗೋಡೆಯ ಭೂಪಟದಲ್ಲಿ ಅಳತೆಪಟ್ಟಿ ಇಟ್ಟು ಎಳೆದ ಗೆರೆಯನ್ನು ‘ನೇರ ದಾರಿ’ ಎಂದು ನಂಬಿದವರಿಗೆ ಇದು ಒಗ್ಗುವುದಿಲ್ಲ. ಬೆಂಗಳೂರಿನಿಂದ ಸ್ಯಾನ್‌ಫ್ರಾನ್ಸಿಸ್ಕೋಗೆ ಅತಿ ಹತ್ತಿರದ ದಾರಿ ಪೂರ್ವಕ್ಕೂ ಅಲ್ಲ, ಪಶ್ಚಿಮಕ್ಕೂ ಅಲ್ಲ. ಅದು ಬಹುಪಾಲು ಉತ್ತರಕ್ಕೇ ಏರಿ, ಸೈಬೀರಿಯವನ್ನು ಹಾದು, ಆರ್ಕ್ಟಿಕ್ ವೃತ್ತವನ್ನೂ ದಾಟಿ ಆಮೇಲೆ ಕೆಳಗಿಳಿಯುತ್ತದೆ. ಅದರ ಉದ್ದ ಸುಮಾರು 14,000 ಕಿ.ಮೀ.

ಆದರೆ ವಿಮಾನ ಆ ಗೆರೆಯ ಮೇಲೆಯೇ ಹಾರಬೇಕೆಂಬ ನಿಯಮವಿಲ್ಲ. 2021ರ ಜನವರಿಯಲ್ಲಿ ಮಹಿಳಾ ಪೈಲಟ್‌ಗಳೇ ನಡೆಸಿ ಸ್ಯಾನ್‌ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ತಂದ ಏರ್ ಇಂಡಿಯಾದ ತಡೆರಹಿತ ವಿಮಾನವು ಉತ್ತರ ಧ್ರುವದ ಮೇಲೆ ಹಾದು ಬಂದಿತು. ಮಹಾವೃತ್ತದ ಗೆರೆಯಾದರೋ ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶಕ್ಕಿಂತ ಮೇಲೇರುವುದಿಲ್ಲ. ಮೇಲಿನ ಗಾಳಿ ಎತ್ತ ಬೀಸುತ್ತಿದೆ, ಯಾವ ದೇಶ ತನ್ನ ವಾಯುಪ್ರದೇಶವನ್ನು ಮುಚ್ಚಿದೆ, ತುರ್ತಿಗೆ ಇಳಿಯಲು ಯಾವ ನಿಲ್ದಾಣ ಸಮೀಪದಲ್ಲಿದೆ ಎಂಬುದನ್ನೆಲ್ಲ ನೋಡಿ ದಾರಿಯನ್ನು ಗೊತ್ತುಮಾಡುತ್ತಾರೆ. ಆಗುಂಬೆಯಿಂದ ಸೋಮೇಶ್ವರ ಹತ್ತಿರವೇ ಇದ್ದರೂ ಘಾಟಿಯ ತಿರುವುಗಳನ್ನು ಸುತ್ತದೆ ಇಳಿಯಲಾಗದೆಂದು ಬಲ್ಲ ಮಲೆನಾಡಿನವರಿಗಂತೂ ದೂರ ಬೇರೆ, ದಾರಿ ಬೇರೆ ಎಂಬುದನ್ನು ವಿವರಿಸಬೇಕಾದ ಅಗತ್ಯವೇ ಇರಬಾರದು.

ದೂರವನ್ನು ವೇಗದಿಂದ ಭಾಗಿಸಿ ಪ್ರಯಾಣದ ಅವಧಿ ಹೇಳುವ ರೂಢಿಯೂ ಬಿಡತಕ್ಕದ್ದು. ಟಿಕೆಟ್ಟಿನಲ್ಲಿರುವುದು ‘ಬ್ಲಾಕ್ ಟೈಮ್’. ಬ್ಲಾಕ್ ಎಂದರೆ ಚಕ್ರ ಉರುಳದಂತೆ ಒತ್ತಿ ಇಡುವ ಅಡ್ಡಗಟ್ಟೆ. ಅದನ್ನು ತೆಗೆದು ವಿಮಾನ ಕದಲಿದಾಗಿನಿಂದ, ಇನ್ನೊಂದು ನಿಲ್ದಾಣದಲ್ಲಿ ಅದನ್ನು ಮತ್ತೆ ಇಡುವವರೆಗಿನ ಹೊತ್ತೆಲ್ಲ ಈ ಲೆಕ್ಕಕ್ಕೆ ಸೇರುತ್ತದೆ. ರನ್‌ವೇವರೆಗಿನ ಓಟ, ಸರದಿಗಾಗಿ ಕಾಯುವುದು, ಏರಿಕೆ, ಇಳಿಕೆ ಎಲ್ಲವೂ ಅದರೊಳಗಿವೆ. ಗಂಟೆಗೆ ಸುಮಾರು 500 ಕಿ.ಮೀ. ಹಾರುವ ಎಟಿಆರ್ ವಿಮಾನಕ್ಕೂ ಸೋಗಾನೆಯಿಂದ ಬೆಂಗಳೂರಿಗೆ ಒಂದು ಗಂಟೆಯ ಆಸುಪಾಸು ಹಿಡಿಯುವುದು ಇದರಿಂದಲೇ.

ಹೊರಟ ಗಂಟೆಯನ್ನು ಮುಟ್ಟಿದ ಗಂಟೆಯಿಂದ ಕಳೆಯುವ ತಪ್ಪು ಇನ್ನೊಂದು. ಬೆಂಗಳೂರಿನಿಂದ ಚಳಿಗಾಲದಲ್ಲಿ ಮಧ್ಯಾಹ್ನ ಎರಡಕ್ಕೆ ಹೊರಟು 16 ಗಂಟೆ ಹಾರಿದ ವಿಮಾನವು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಅದೇ ದಿನ ಸಂಜೆ ನಾಲ್ಕೂವರೆಗೆ ಇಳಿಯುತ್ತದೆ, ಏಕೆಂದರೆ ಆಗ ಅಲ್ಲಿನ ಗಡಿಯಾರ ನಮ್ಮದಕ್ಕಿಂತ 13 ಗಂಟೆ 30 ನಿಮಿಷ ಹಿಂದಿರುತ್ತದೆ.